ಬಿಟ್ಟ ಹದಿನೆಂಟು ಪದ್ಯಗಳು

ವಿಠಲನ ಹತ್ತಿರ ಹೇಳಬೇಕಾದ ಒಂದು ಮಾತಿಗೆ ಮುರಳೀಧರ ಬೆಳಗಿನಿಂದ ಮೂರು ಪೀಠಿಕೆಗಳನ್ನು ಕಟ್ಟಿ ಮೂರನ್ನೂ ತಾನೇ ಕೆಡವಿದ್ದ. ಮೊದಲನೆಯದು ಹಾಲಿನ ಪ್ಯಾಕೆಟ್ ತರಲು ಕೆಳಗಿಳಿದಾಗ, ಎರಡನೆಯದು ಗೀಸರಿನ ಕೆಂಪು ದೀಪ ಆರಲೆಂದು ಕಾಯುತ್ತಿದ್ದಾಗ, ಮೂರನೆಯದು ಈಗ, ಒಂದು ಕೆನ್ನೆಯ ಗಡ್ಡ ಹೆರೆದು ಇನ್ನೊಂದರ ಮೇಲೆ ನೊರೆ ಉಳಿದಿರುವಾಗ. ‘ನನ್ನಿಂದ ತಪ್ಪಾಯಿತು ವಿಠಲರಾಯರೇ’ ಎಂದು ಕನ್ನಡಿಗೆ ಹೇಳಿದ. ಅಲ್ಲಿಗೆ ನಿಲ್ಲಬೇಕಿತ್ತು. ನಾಲಿಗೆ ನಿಲ್ಲಲಿಲ್ಲ. ‘ತಪ್ಪು ಎಂದರೇನು? ಮನಸ್ಸು ಮಾಡಿದ್ದೋ, ಮಾತು ಮಾಡಿದ್ದೋ?’ ಎಂದು ತಾನಾಗಿಯೇ ಮುಂದುವರಿಯಿತು. ಇಪ್ಪತ್ತೆರಡು ವರ್ಷ ಹಳೆಯ ಕಾವ್ಯಗಳಿಗೆ ಅರ್ಥ ಹೇಳಿ ಹೇಳಿ, ಒಂದು ವಾಕ್ಯವನ್ನು ಬಿಡಿಸದೆ ಸುಮ್ಮನೆ ಬಿಡುವ ಅಭ್ಯಾಸವೇ ಅವನಿಗೆ ತಪ್ಪಿಹೋಗಿತ್ತು. ವಾರದ ಐದು ದಿನ ಅವನು ದೆಹಲಿಯ ಒಂದು ಸರ್ಕಾರಿ ಕಛೇರಿಯಲ್ಲಿ ಸೆಕ್ಷನ್ ಆಫೀಸರ್, ಫೈಲಿನಲ್ಲಿ ಎರಡು ಸಾಲು ಗೀಚಿ ಮೇಲಕ್ಕೆ ಕಳಿಸುವವನು. ಹದಿನೈದು ದಿನಕ್ಕೊಂದು ಭಾನುವಾರ ಮಾತ್ರ, ನೋಯ್ಡಾದ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಸಭಾಂಗಣದಲ್ಲಿ, ನಲವತ್ತು ಐವತ್ತು ಕನ್ನಡಿಗರ ಎದುರು ಅವನು ಬೇರೆಯೇ ಮನುಷ್ಯನಾಗುತ್ತಿದ್ದ. ಪಕ್ಕದಲ್ಲಿ ಕೂತವರು ಷಟ್ಪದಿಯನ್ನು ರಾಗವಾಗಿ ಓದಬೇಕು, ಇವನು ಅದಕ್ಕೆ ವ್ಯಾಖ್ಯಾನ ಮಾಡಬೇಕು. ಗಮಕವೆಂದರೆ ಇಬ್ಬರ ಕೆಲಸ. ಅದರಲ್ಲೂ ಶೋಕದ ಭಾಗ ಬಂದರೆ ಮುರಳೀಧರನೇ ಆಗಬೇಕು ಎಂದು ಘಾಜಿಯಾಬಾದಿನಿಂದ ಗುರ್ಗಾಂವ್‌ವರೆಗೆ ಹೆಸರಿತ್ತು. ಯಾವುದೋ ಕಾಲದ ಯಾವುದೋ ರಾಜನ ಪಶ್ಚಾತ್ತಾಪವನ್ನು ಅವನು ಎಳೆಎಳೆಯಾಗಿ ಬಿಡಿಸುತ್ತಿದ್ದರೆ ಹೆಂಗಸರು ಪರ್ಸಿನಿಂದ ಕರವಸ್ತ್ರ ತೆಗೆಯುತ್ತಿದ್ದರು. ಎಷ್ಟು ಜನ ತೆಗೆದರು ಎಂಬುದನ್ನು ಅವನು ಕಡೆಗಣ್ಣಿನಲ್ಲಿ ನೋಡಿಕೊಳ್ಳುತ್ತಿದ್ದ. ಇದನ್ನು ಅವನು ಶೈಲಜಾಳಿಗೂ ಹೇಳಿರಲಿಲ್ಲ. ಮೂವತ್ತು ವರ್ಷ ಜೊತೆಗಿದ್ದ ಹೆಂಡತಿಗೆ ಹೇಳದೆಯೂ ಗೊತ್ತಿತ್ತು.

ಒಂದೂವರೆ ವರ್ಷದ ಹಿಂದೆ ಅಂಥದೇ ಒಂದು ಭಾನುವಾರ ಪಕ್ಕದಲ್ಲಿ ಕೂತು ಓದುತ್ತಿದ್ದವನು ವಿಠಲ. ನೋಯ್ಡಾದ ಮಾರ್ಕೆಟ್ಟಿನಲ್ಲಿ ಇಡ್ಲಿ ದೋಸೆಯ ಹೋಟೆಲು ಇಟ್ಟಿರುವ, ಕುಂದಾಪುರದ ಕಡೆಯ ಮನುಷ್ಯ. ಗಮಕವನ್ನು ಗುರುಗಳ ಹತ್ತಿರ ಕಲಿತವನಲ್ಲ, ಊರಿನಲ್ಲಿ ತಾಳಮದ್ದಲೆ ಕೇಳಿ ಕೇಳಿ ಕಿವಿಯಲ್ಲಿ ಉಳಿಸಿಕೊಂಡ ರಾಗ. ಆದರೆ ಕಂಠ ಇತ್ತು, ಅದಕ್ಕೇ ಕರೆದಿದ್ದರು. ಕಾವ್ಯದಲ್ಲಿ ಕೋಟೆಯ ಭಾಗ ಬಂದಿತ್ತು. ವೈರಿಗಳು ಬೆನ್ನಟ್ಟಿ ಬರುತ್ತಿದ್ದಾರೆ, ರಾಜನ ತಮ್ಮ ಇನ್ನೂ ಕೋಟೆಯ ಹೊರಗಿದ್ದಾನೆ. ಊರು ಉಳಿಯಲಿ ಎಂದು ರಾಜ ತನ್ನ ಕೈಯಾರೆ ಅಗುಳಿ ಹಾಕುತ್ತಾನೆ. ಬೆಳಗ್ಗೆ ತೆರೆದರೆ ಹೊಸ್ತಿಲಲ್ಲೇ ತಮ್ಮನ ಹೆಣ, ಬಾಗಿಲ ಮರದ ಮೇಲೆ ಬಡಿದ ಕೈಗಳ ಗುರುತು. ಅಲ್ಲಿಂದ ಹದಿನೆಂಟು ಪದ್ಯ ರಾಜನ ದುಃಖ, ಪ್ರತಿ ಪದ್ಯದ ಕೊನೆಗೆ ‘ತೆರೆವ ಕೈಯೇ ಮುಚ್ಚಿತೇ’ ಎಂಬ ಒಂದೇ ಸೊಲ್ಲು. ವಿಠಲ ಮೊದಲನೆಯ ಪದ್ಯವನ್ನು ಎತ್ತಿಕೊಂಡವನು ‘ತೆರೆವ ಕೈಯೇ’ ಎಂಬಲ್ಲಿ ನಿಂತ. ರಾಗ ಎಳೆಯಲು ನಿಂತನೆಂದು ಎಲ್ಲರೂ ಅಂದುಕೊಂಡರು. ಅವನು ಅಳುತ್ತಿದ್ದ. ಕಣ್ಣಂಚು ಒರೆಸಿಕೊಳ್ಳುವ ಸಭ್ಯರ ಅಳುವಲ್ಲ, ಭುಜ ಅಲುಗುವ, ಮೂಗು ಸೋರುವ ಅಳು. ಮೈಕು ಆ ಸದ್ದನ್ನು ಹಿಡಿದು ಸಭಾಂಗಣಕ್ಕೆಲ್ಲ ಹಂಚಿತು. ಒಂದು ನಿಮಿಷವಾಯಿತೋ ಇಲ್ಲವೋ, ಮುರಳೀಧರನಿಗೆ ಮುಜುಗರವಾಯಿತು. ಮುಜುಗರ ಎನ್ನುವುದು ಪೂರ್ತಿ ನಿಜವಲ್ಲ, ಸಿಟ್ಟು ಬಂತು. ಅಳಿಸಬೇಕಾದವನು ತಾನು. ತಾನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನ ಹೆಂಗಸರು ಪರ್ಸಿಗೆ ಕೈ ಹಾಕಿದ್ದರು. ಅವನು ಮೈಕನ್ನು ತನ್ನ ಕಡೆಗೆ ತಿರುಗಿಸಿಕೊಂಡು ನಗುತ್ತ ಹೇಳಿದ: “ವಿಠಲರಾಯರೇ, ಇವತ್ತು ಸಾಂಬಾರಿಗೆ ಉಪ್ಪು ಜಾಸ್ತಿ ಆಯ್ತು. ಅಳೋ ಕೆಲಸ ಕೇಳೋರಿಗೆ ಬಿಡಿ.”

ಸಭೆ ನಕ್ಕಿತು. ಒಳ್ಳೆಯ ಜನ, ಕೆಟ್ಟ ಮನಸ್ಸಿನಿಂದ ನಕ್ಕವರಲ್ಲ, ಉಸಿರು ಬಿಡಲು ಒಂದು ಕಾರಣ ಸಿಕ್ಕಿತೆಂದು ನಕ್ಕರು. ‘ಕವಿ ಇಲ್ಲಿ ಸ್ವಲ್ಪ ವಿಸ್ತರಿಸಿದ್ದಾನೆ, ನಾವು ಮುಂದೆ ಹೋಗೋಣ’ ಎಂದು ಮುರಳೀಧರ ಹದಿನೆಂಟು ಪದ್ಯಗಳನ್ನೂ ಹಾರಿಸಿ, ಕಥೆಯನ್ನು ಬಾಯಲ್ಲೇ ಹೇಳಿ ಮುಗಿಸಿದ. ವಿಠಲ ಪುಸ್ತಕವನ್ನು ಮುಚ್ಚಲಿಲ್ಲ. ವ್ಯಾಸಪೀಠದ ಮೇಲೆ ಅದೇ ಪುಟ ತೆರೆದೇ ಇಟ್ಟು ಎದ್ದು ಹೋಗಿ, ತಾನೇ ಹೋಟೆಲಿನಿಂದ ತಂದಿದ್ದ ಗೋಳಿಬಜೆಯನ್ನು ಕಾಗದದ ತಟ್ಟೆಗಳಿಗೆ ಹಾಕಿ ಹಂಚಿದ. ಮುರಳೀಧರನ ಮುಂದೆ ಬಂದಾಗ “ಚಟ್ನಿ ಹಾಕ್ಲಾ ಸಾರ್?” ಎಂದು ಕೇಳಿದ. ಕಣ್ಣು ಕೆಂಪಗಿತ್ತು, ದನಿಯಲ್ಲಿ ಏನೂ ಇರಲಿಲ್ಲ. ಮುರಳೀಧರ ಹಾಕಿಸಿಕೊಂಡ. ಆ ಮೇಲೆ ವಿಠಲ ಕೂಟಕ್ಕೆ ಬರಲಿಲ್ಲ. ಆದರೆ ಅವನ ಹೋಟೆಲಿನ ತಿಂಡಿ ಬರುವುದು ನಿಲ್ಲಲಿಲ್ಲ. ಪ್ರತಿ ಕೂಟದ ದಿನ ಸಂಜೆ ಐದಕ್ಕೆ, ಒಮ್ಮೆ ಗೋಳಿಬಜೆ, ಒಮ್ಮೆ ಶಿರಾ, ಒಮ್ಮೆ ಅವಲಕ್ಕಿ, ಹೋಟೆಲಿನ ಯಾರಾದರೊಬ್ಬರು ಸ್ಕೂಟರಿನಲ್ಲಿ ತಂದು ಚಪ್ಪಲಿ ಬಿಡುವ ಜಾಗದಲ್ಲಿಟ್ಟು ಹೋಗುತ್ತಿದ್ದರು. ಬೇಡ ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ, ರುಚಿಯೂ ಚೆನ್ನಾಗಿತ್ತು. ಮುರಳೀಧರ ಅದನ್ನೂ ಒಂದೂವರೆ ವರ್ಷ ತಿಂದ.

“ಒಂದು ಕಡೆ ನೊರೆ ಒಣಗ್ತಾ ಇದೆ,” ಎಂದಳು ಶೈಲಜಾ, ಬಚ್ಚಲ ಬಾಗಿಲಲ್ಲಿ ನಿಂತು. “ಯಾರ ಹತ್ರ ಮಾತಾಡ್ತಿದೀರಿ?”

“ಯಾರ ಹತ್ರಾನೂ ಇಲ್ಲ.”

“ವಿಠಲರಾಯರೇ ಅಂದಿದ್ದು ಕೇಳಿಸ್ತು.” ಅವಳು ಟವೆಲನ್ನು ಅವನ ಹೆಗಲಿಗೆ ಎಸೆದಳು. “ಹೋಗೋದಾದ್ರೆ ಹೋಗಿ ಹೇಳಿ ಬನ್ನಿ. ಕನ್ನಡಿ ಏನು ಕ್ಷಮಿಸುತ್ತಾ? ಊರಿಗೆಲ್ಲಾ ಪಶ್ಚಾತ್ತಾಪದ ಪಾಠ ಹೇಳ್ತೀರಿ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.”

ಅವನು ಉಳಿದ ಕೆನ್ನೆಗೆ ರೇಜರ್ ಹಚ್ಚಿದ. ಆವತ್ತು ಮನೆಗೆ ಹಿಂದಿರುಗುವಾಗ ಆಟೋದಲ್ಲಿ ಅವಳು ‘ಪಾಪ’ ಎಂದು ಒಂದೇ ಮಾತು ಹೇಳಿದ್ದಳು, ಅದು ವಿಠಲನಿಗೋ ತನಗೋ ಎಂದು ಅವನು ಕೇಳಿರಲಿಲ್ಲ. ಈಗ ಒಂದೂವರೆ ವರ್ಷದ ಮೇಲೆ ಹೋಗಲೇಬೇಕಾದ ಕಾರಣ ಬಂದಿತ್ತು, ಅದನ್ನು ತಂದವಳು ಮೈತ್ರೇಯಿ. ವಿಠಲ ಬಿಟ್ಟ ಮೇಲೆ ಓದುತ್ತಿದ್ದವಳು ಅವಳು, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗಿ, ಗಮಕದ ಪರೀಕ್ಷೆಯಲ್ಲಿ ಮೊದಲ ದರ್ಜೆ, ಒಂದು ಸ್ವರ ಆಚೀಚೆ ಆಗುತ್ತಿರಲಿಲ್ಲ. ನಿನ್ನೆ ಫೋನ್ ಮಾಡಿ, “ಸಾರ್, ನಾಳೆ ಕಾವ್ಯ ಮುಗಿಯುತ್ತೆ. ಮಂಗಳ ಹಾಡಬೇಕು. ಆದ್ರೆ ಒಂದು ಕಡೆ ಹದಿನೆಂಟು ಪದ್ಯ ಬಿಟ್ಟುಹೋಗಿದೆ, ಯಾಕೆ? ಬಿಟ್ಟ ಪದ್ಯ ಇಟ್ಕೊಂಡು ಮಂಗಳ ಹಾಡಬಾರದು ಅಂತ ನಮ್ಮ ಗುರುಗಳು ಹೇಳ್ತಿದ್ರು. ನಾಳೆ ಮೊದಲು ಅದನ್ನ ಓದಿಬಿಡ್ಲಾ?” ಎಂದು ಕೇಳಿದ್ದಳು. ಅವಳಿಗೆ ಹಿಂದಿನದು ಗೊತ್ತಿರಲಿಲ್ಲ, ಆಗ ಅವಳು ದೆಹಲಿಗೇ ಬಂದಿರಲಿಲ್ಲ. ಓದಿಬಿಡು ಎಂದರೆ ಮುಗಿಯುತ್ತಿತ್ತು. ಅವಳು ತಪ್ಪಿಲ್ಲದೆ ಓದುತ್ತಿದ್ದಳು, ತಾನು ತಪ್ಪಿಲ್ಲದೆ ಅರ್ಥ ಹೇಳುತ್ತಿದ್ದ, ಕರವಸ್ತ್ರಗಳು ಹೊರಗೆ ಬರುತ್ತಿದ್ದವು, ಐದು ಗಂಟೆಗೆ ವಿಠಲನ ತಿಂಡಿ ಬರುತ್ತಿತ್ತು. ಆ ಚಿತ್ರ ಕಣ್ಣ ಮುಂದೆ ಬಂದಾಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. “ಬೇಡ,” ಎಂದ. “ಅದನ್ನ ಓದೋರು ಬೇರೆ ಇದ್ದಾರೆ. ನಾನು ಕರ್ಕೊಂಡು ಬರ್ತೀನಿ.” ಹೇಳಿ ಫೋನ್ ಇಟ್ಟ ಮೇಲೆ, ಬಾಯಿಂದ ಹೊರಟದ್ದನ್ನು ಇನ್ನು ನುಂಗುವಂತಿಲ್ಲ ಎಂದು ಸಮಾಧಾನವೂ ಆಯಿತು.

ಮನೆಯಿಂದ ಹತ್ತೂವರೆಗೆ ಹೊರಟ. ಹಂಚಿಕೊಂಡು ಹೋಗುವ ಆಟೋದಲ್ಲಿ ಹಿಂದೆ ನಾಲ್ಕು ಜನ, ಅವನು ಮುಂದೆ ಡ್ರೈವರನ ಪಕ್ಕ, ಒಂದು ತೊಡೆ ಹೊರಗೆ. ನೋಯ್ಡಾ ಹತ್ತಿರವಾದಂತೆ ರಸ್ತೆಯ ನಡುವೆ ಮೆಟ್ರೋದ ಕಂಬಗಳು, ತಲೆಯ ಮೇಲೆ ಇನ್ನೂ ಏನೂ ಬಾರದೆ, ಕಬ್ಬಿಣದ ಸರಳುಗಳನ್ನು ಆಕಾಶಕ್ಕೆ ಚಾಚಿಕೊಂಡು ನಿಂತಿದ್ದವು. ಫೆಬ್ರವರಿಯ ಬಿಸಿಲು, ಸ್ವೆಟರ್ ಹಾಕಿಕೊಂಡರೆ ಸೆಕೆ, ಬಿಚ್ಚಿದರೆ ಚಳಿ. ಅವನು ದುಃಖದ ಬಗ್ಗೆ ತನಗೆ ಗೊತ್ತಿದ್ದುದನ್ನೆಲ್ಲ ನೆನಪು ಮಾಡಿಕೊಂಡ. ಹಳೆಯ ಕವಿಗಳು ದುಃಖಕ್ಕೆ ಜಿಪುಣತನ ಮಾಡಿದವರಲ್ಲ. ರಾಜ ಅತ್ತರೆ ಆನೆಗಳು ಮೇವು ಬಿಡುತ್ತವೆ, ಹೊಳೆ ನಿಲ್ಲುತ್ತದೆ, ಗಿಳಿ ಕೂಡ ಪಂಜರದಲ್ಲಿ ಮಾತು ಮರೆಯುತ್ತದೆ. ದುಃಖಕ್ಕೆ ಲೋಕವೆಲ್ಲ ನೆಂಟರು. ಪಾಪಪ್ರಜ್ಞೆಗೆ ಹಾಗಲ್ಲ, ಅದಕ್ಕೆ ಕವಿ ಒಂದು ಕೋಣೆ ಕೊಡುತ್ತಾನೆ, ರಾಜ ಅಲ್ಲಿ ಒಬ್ಬನೇ ಕೂತು ತನ್ನ ಕೈಗಳನ್ನು ನೋಡಿಕೊಳ್ಳುತ್ತಾನೆ. ಈ ಭೇದವನ್ನು ಅವನು ಎಷ್ಟು ಸಭೆಗಳಲ್ಲಿ ಹೇಳಿದ್ದ, ಎಷ್ಟು ತಲೆಗಳು ತೂಗಿದ್ದವು. ಈಗ ಆಟೋದ ಕಂಬಿ ಹಿಡಿದು ಜೋಲಿ ಹೊಡೆಯುತ್ತಿರುವಾಗ, ಇಷ್ಟು ವರ್ಷ ಕಣ್ಣಿಗೆ ಬೀಳದ ಒಂದು ಸಂಗತಿ ಹೊಳೆಯಿತು. ಕಾವ್ಯದಲ್ಲಿ ಪಶ್ಚಾತ್ತಾಪ ಪಡುವವನಿಗೆ ಒಂದು ಅನುಕೂಲ ಇರುತ್ತದೆ, ಎದುರಿನವನು ಸತ್ತಿರುತ್ತಾನೆ. ತಮ್ಮ ಸತ್ತ ಮೇಲೆ ಅಣ್ಣ ಅಳುತ್ತಾನೆ, ಮಗ ಸತ್ತ ಮೇಲೆ ತಂದೆ. ಹೆಣ ಎದ್ದು ಕೂತು ‘ಆಯಿತು, ಈಗ ಹೇಳು, ಏನು ಹೇಳಬೇಕಾಗಿತ್ತು?’ ಎಂದು ಕೇಳುವುದಿಲ್ಲ. ಹದಿನೆಂಟು ಪದ್ಯ ಅತ್ತ ಆ ರಾಜ, ತಮ್ಮ ಬದುಕಿ ಒಳಗೆ ಬಂದು ಎದುರು ನಿಂತಿದ್ದರೆ ಒಂದು ಪದ್ಯವನ್ನಾದರೂ ಹೇಳುತ್ತಿದ್ದನೇ? ‘ಊಟವಾಯಿತೇ’ ಎಂದು ಕೇಳಿ ಬೇರೆ ಕಡೆ ನೋಡುತ್ತಿದ್ದ. ವಿಠಲ ಸತ್ತಿಲ್ಲ. ಎರಡು ಕಿಲೋಮೀಟರ್ ಆಚೆ ದೋಸೆ ಹುಯ್ಯುತ್ತಿದ್ದಾನೆ. ಮಾರ್ಕೆಟ್ಟಿನ ತಿರುವು ಬಂತು. “ಭಯ್ಯಾ, ಇಲ್ಲೇ ನಿಲ್ಲಿಸು,” ಎಂದು ಮುರಳೀಧರ ಕನ್ನಡದಲ್ಲೇ ಕೂಗಿದ. ಡ್ರೈವರ್ ದನಿಯಿಂದಲೇ ಅರ್ಥ ಮಾಡಿಕೊಂಡು ನಿಲ್ಲಿಸಿದ.

ಭಾನುವಾರದ ಹನ್ನೊಂದೂವರೆಗೆ ಹೋಟೆಲಿನ ಹೊರಗೆ ಜಾತ್ರೆ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಪಂಜಾಬಿ ಸಂಸಾರಗಳು, ಮಕ್ಕಳು ಮರಿಗಳು, ಎಲ್ಲರ ಕೈಯಲ್ಲೂ ಒಂದೊಂದು ಟೋಕನ್. ಗಲ್ಲೆಯ ಹತ್ತಿರ ವಿಠಲನ ಮಗಳು ನಿರೀಕ್ಷಾ ನಿಂತಿದ್ದಳು, ಕಾಲೇಜಿಗೆ ಹೋಗುವ ಹುಡುಗಿ, ರಜದ ದಿನ ಅಪ್ಪನಿಗೆ ನೆರವು. ಅವಳು ಇವನನ್ನು ಗುರುತು ಹಿಡಿದಳು. ಹಿಡಿದ ಕ್ಷಣವೇ ಅವಳ ಮುಖದಲ್ಲಿ ಏನೋ ಬಿಗಿಯಿತು, ಅಥವಾ ಅವನಿಗೆ ಹಾಗೆ ಕಂಡಿತು.

“ಪಪ್ಪಾ ಒಳಗೆ ಇದಾರೆ ಅಂಕಲ್, ಲೇಕಿನ್ ಅಭೀ ತುಂಬಾ ರಷ್ ಇದೆ. ಆಪ್ ಟೋಕನ್ ತಗೊಳ್ಳಿ ನಾ?”

“ನಾನು ತಿನ್ನೋಕೆ ಬಂದಿಲ್ಲಮ್ಮ. ಅಪ್ಪನ ಹತ್ತಿರ ಎರಡು ನಿಮಿಷ ಮಾತಾಡಬೇಕಿತ್ತು.”

“ಎಲ್ರೂ ಹಾಗೇ ಹೇಳಿ ಒಳಗೆ ಹೋಗ್ತಾರೆ ಅಂಕಲ್. ಫಿರ್ ಲೈನ್‌ವಾಲೇ ನನ್ನ ಹತ್ರ ಲಡಾಯಿ ಮಾಡ್ತಾರೆ.” ಅವಳು ಟೋಕನ್ ಚಾಚಿದಳು. ನಲವತ್ತೇಳು.

ಆಗ ನಡೆಯುತ್ತಿದ್ದುದು ಹತ್ತೊಂಬತ್ತು. ಅವನು ಒಂದು ಕುರ್ಚಿಯಲ್ಲಿ ಕೂತ. ಪಕ್ಕದ ದಪ್ಪನೆಯ ಗೃಹಸ್ಥ ‘ಯಹಾಂ ಕಾ ಸಾಂಬಾರ್ ಏಕ್‌ದಮ್ ಪರ್ಫೆಕ್ಟ್ ಹೈ’ ಎಂದು ಹೆಂಡತಿಗೆ ಹೇಳುತ್ತಿದ್ದ. ಆ ಒಂದು ಪದಾರ್ಥದ ಹೆಸರು ಕೇಳಿಸಿದ್ದೇ ಮುರಳೀಧರನ ಕಿವಿ ಬಿಸಿಯಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದಳು. ಹೋಗಿಬಿಟ್ಟರೆ ಎಷ್ಟೋ ಚೆನ್ನಾಗಿತ್ತು. ಆಡಿದ ಮಾತು ಎಲ್ಲಿಗೂ ಹೋಗಿರಲಿಲ್ಲ, ನಲವತ್ತು ಜನರ ಬಾಯಲ್ಲಿ ಉಳಿದಿತ್ತು, ಆ ಮೇಲೆ ಯಾವುದೋ ಮದುವೆಯ ಊಟದಲ್ಲಿ ಯಾರೋ ‘ಸಾಂಬಾರಿಗೆ ಉಪ್ಪು ಜಾಸ್ತಿ, ನೆನಪಿದೆಯಾ ಮುರಳೀಧರ್?’ ಎಂದು ಬೆನ್ನು ತಟ್ಟಿದ್ದರು. ಅವನು ನಕ್ಕಿದ್ದ. ಎರಡನೆಯ ಸಲ ನಕ್ಕಿದ್ದ. ಎದ್ದು ಹೋಗಿಬಿಡಬೇಕೆನ್ನಿಸಿತು. ಒಬ್ಬ ಸರ್ಕಾರಿ ಅಧಿಕಾರಿ, ಊರಿಗೆ ಬೇಕಾದ ವಿದ್ವಾಂಸ, ದೋಸೆಗೆ ಕಾಯುವವರ ನಡುವೆ ಚೀಟಿ ಹಿಡಿದು ಕೂತಿದ್ದಾನೆ. ಕೂತಿರು, ಎಂದು ತನಗೆ ತಾನೇ ಗದರಿಸಿಕೊಂಡ. ಮೈಕಿನ ಮುಂದೆ ವಿಠಲ ಕೂತಿದ್ದು ಇದಕ್ಕಿಂತ ಕಷ್ಟದ ಜಾಗದಲ್ಲಿ.

ನಲವತ್ತೇಳು ಎಂದು ಕೂಗುವ ಹೊತ್ತಿಗೆ ಮುಕ್ಕಾಲು ಗಂಟೆಯಾಗಿತ್ತು. ಅಡುಗೆಮನೆಯ ಬಾಗಿಲ ಹತ್ತಿರದ ಮೇಜಿನಲ್ಲಿ ಅವನು ಕೂತ. ವಿಠಲ ತಾನೇ ಬಂದ, ಬನಿಯನ್ನಿನ ಮೇಲೆ ಏಪ್ರನ್ ಕಟ್ಟಿಕೊಂಡು, ಕೈಯಲ್ಲಿ ಹಬೆಯಾಡುವ ಎರಡು ಲೋಟ ಕಾಫಿ ಹಿಡಿದು. ಮೊದಲಿಗಿಂತ ಬೆಳ್ಳಗಾಗಿತ್ತು ತಲೆ.

“ಎಂತ ಸಾರ್, ಟೋಕನ್ ಹಿಡಿದು ಕೂತದ್ದು? ಮಗಳಿಗೆ ಹೇಳಿ ಒಳಗೆ ಬರಬಾರದಿತ್ತಾ ಮಾರಾಯ್ರೆ?”

“ಪರವಾಗಿಲ್ಲ. ವಿಠಲರಾಯರೇ, ಇವತ್ತು ಕಾವ್ಯ ಮುಗಿಯುತ್ತೆ.”

“ಗೊತ್ತುಂಟು. ಶಿರಾ ಮಾಡಿಸ್ತಾ ಇದ್ದೇನೆ. ಐದು ಗಂಟೆಗೆ ಬರ್ತದೆ.”

“ಶಿರಾಕ್ಕೆ ಬಂದಿಲ್ಲ ನಾನು.” ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆ ಒಂದು ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬಾಯಿ ತೆರೆದಾಗ ಬಂದದ್ದು ಬೇರೆ. “ನೋಡಿ, ಶೋಕ ಅನ್ನೋದನ್ನ ನಮ್ಮ ಹಿರಿಯರು ಎರಡು ಬಗೆಯಾಗಿ ನೋಡಿದಾರೆ. ತಾನು ಕಳ್ಕೊಂಡಿದ್ದಕ್ಕೆ ಪಡೋದು ಒಂದು, ತನ್ನಿಂದ ಕಳೆದುಹೋಗಿದ್ದಕ್ಕೆ ಪಡೋದು ಇನ್ನೊಂದು. ಎರಡನೇದರಲ್ಲಿ ಮನುಷ್ಯ ತನ್ನ ಎದುರಿಗೆ ತಾನೇ ನಿಲ್ಲಬೇಕಾಗುತ್ತೆ. ಆ ದಿನ ಸಭೆಯಲ್ಲಿ ಏನಾಯ್ತು ಅಂದ್ರೆ, ಒಬ್ಬ ವ್ಯಾಖ್ಯಾನಕಾರನಿಗೆ ಒಂದು ಬಗೆಯ ಅಹಂಕಾರ…”

ವಿಠಲ ತಲೆ ತಗ್ಗಿಸಿ ಕೇಳುತ್ತಿದ್ದ, ಕೂಟದಲ್ಲಿ ಕೇಳುತ್ತಿದ್ದ ಹಾಗೆಯೇ, ಮರ್ಯಾದೆಯಿಂದ. ಆಮೇಲೆ ಮೆಲ್ಲಗೆ ಹೇಳಿದ: “ಸಾರ್, ನೀವು ಅರ್ಥ ಹೇಳ್ತಾ ಇದ್ದೀರಿ.”

ಮುರಳೀಧರ ಲೋಟವನ್ನು ಮೇಜಿನ ಮೇಲಿಟ್ಟ.

“ಬೇಜಾರು ಮಾಡ್ಬೇಡಿ. ನಮ್ಮೂರ ಕಡೆ ತಾಳಮದ್ದಲೆಯಲ್ಲಿಯೂ ಅರ್ಥ ಹೇಳ್ತಾರೆ. ವೇಷ ಇಲ್ಲ, ಕಿರೀಟ ಇಲ್ಲ, ಪಂಚೆ ಉಟ್ಟು ಚಾಪೆ ಮೇಲೆ ಕೂತದ್ದು. ಆದ್ರೆ ಅಲ್ಲಿ ‘ರಾಜನು ಹೀಗೆ ಮಾಡಿದನು’ ಅಂತ ಯಾರೂ ಹೇಳುದಿಲ್ಲ. ‘ನಾನು ಮಾಡಿದೆ’ ಅಂತ ಹೇಳುದು. ಪಾತ್ರ ಅವನದ್ದು, ಬಾಯಿ ನಮ್ಮದು. ಚಿಕ್ಕಂದಿನಿಂದ ನನಗೆ ಅದೇ ಅಭ್ಯಾಸ ಆಯ್ತಲ್ಲ, ಅವತ್ತು ಓದ್ತಾ ಓದ್ತಾ ಅಲ್ಲಿಗೇ ಹೋಗಿಬಿಟ್ಟೆ. ನಿಮ್ಮ ಕ್ರಮ ಬೇರೆ. ನಿಮಗೆ ವಿಚಿತ್ರ ಕಂಡಿತು. ಅಷ್ಟೇ ಆದದ್ದು, ಇದ್ರಲ್ಲಿ ಎಂತ ಕೋಪ?” ಒಳಗಿನಿಂದ ಯಾರೋ ಕರೆದರು. ಅವನು ಎದ್ದ. “ಆದ್ರೆ ಓದ್ಲಿಕ್ಕೆ ನಾನು ಬರುದಿಲ್ಲ ಸಾರ್. ಅದು ಕೇಳ್ಬೇಡಿ.”

ಕಾಫಿಯ ಮೇಲೆ ಕೆನೆ ಕಟ್ಟಿತು. ಅಪಮಾನವಾಯಿತೇ ಎಂದು ಮುರಳೀಧರ ತನ್ನನ್ನೇ ಕೇಳಿಕೊಂಡ. ಆಗಿತ್ತು. ಅದು ನ್ಯಾಯವಾಗಿಯೂ ಇತ್ತು. ಇಪ್ಪತ್ತೆರಡು ವರ್ಷದಲ್ಲಿ ಅವನ ವ್ಯಾಖ್ಯಾನಕ್ಕೆ ವ್ಯಾಖ್ಯಾನ ಬರೆದವನು ಇವನೊಬ್ಬನೇ. ಎದ್ದು ಗಲ್ಲೆಯ ಹತ್ತಿರ ಬಂದಾಗ ಅಲ್ಲಿ ಮಗಳ ಜಾಗದಲ್ಲಿ ವಿಠಲನ ಹೆಂಡತಿ ನೀಲಾವತಿ ಕೂತಿದ್ದಳು. ಕೂಟಕ್ಕೆ ಗಂಡನ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಮಿತಭಾಷಿ. ಇವನು ಹಣ ತೆಗೆಯಹೋದರೆ ಕೈಯಾಡಿಸಿ ಬೇಡವೆಂದಳು.

“ಅವರು ಹೇಳುದಿಲ್ಲ, ನಾನು ಹೇಳ್ತೇನೆ,” ಎಂದಳು, ಗಿರಾಕಿಗಳಿಗೆ ಕೇಳಿಸದ ಹಾಗೆ. “ಸುರೇಶ ಅಂತ ನನ್ನ ಮೈದುನ ಇದ್ದ. ಇದೇ ಹೋಟೆಲಲ್ಲಿ ಇದ್ದದ್ದು. ಕುಡಿಯುವ ಅಭ್ಯಾಸ ಆಯ್ತು. ಒಂದು ಸಲ ತಡವಾಗಿ ಬಂದದ್ದಕ್ಕೆ ಇವರು ಶಟರ್ ಎಳೆದು, ಹೊರಗೇ ಇರು ಅಂದ್ರು. ಬುದ್ಧಿ ಬರ್ಲಿ ಅಂತ, ಬೇರೆ ಎಂತಕ್ಕೂ ಅಲ್ಲ. ಅವನು ಹಾಗೇ ರೈಲು ಹತ್ತಿ ಹೋದ. ಆ ಮೇಲೆ ಅಣ್ಣನ ಹತ್ರ ಮಾತಾಡ್ಲೇ ಇಲ್ಲ. ಹುಬ್ಬಳ್ಳಿಯಲ್ಲಿ ಯಾವುದೋ ಹೋಟೆಲಲ್ಲಿದ್ದ, ಕಾಮಾಲೆ ಆಗಿ ತೀರಿಹೋದ. ಅವತ್ತಿನ ಆ ಭಾನುವಾರಕ್ಕೆ ಸರೀ ಒಂದು ವರ್ಷ. ಹೋಗ್ಬೇಡಿ, ಇವತ್ತು ಓದ್ಬೇಡಿ ಅಂತ ನಾನೂ ಹೇಳಿದೆ. ಇಲ್ಲ, ಓದ್ತೇನೆ, ಅವನಿಗೆ ಹೇಳಿದ ಹಾಗೆ ಆಗ್ತದೆ ಅಂದ್ರು.”

ಹೊರಗೆ ಬಂದಾಗ ಬಿಸಿಲು ಕಣ್ಣು ಕುಕ್ಕಿತು. ಅವನು ಸಭೆಯ ಹೊತ್ತಿನವರೆಗೆ ಎಲ್ಲಿಗೂ ಹೋಗದೆ ಮಾರ್ಕೆಟ್ಟಿನ ಎದುರಿನ ಪಾರ್ಕಿನ ಬೆಂಚಿನಲ್ಲಿ ಕೂತ. ಅವನಿಗೆ ಹೇಳಿದ ಹಾಗೆ ಆಗ್ತದೆ. ಸತ್ತವನಿಗೆ ಹೇಳಲು ಒಬ್ಬ ಮನುಷ್ಯ ಧೈರ್ಯ ಮಾಡಿ ಕೂತಿದ್ದಾನೆ, ‘ಮುಚ್ಚಿತೇ’ ಎಂಬ ಒಂದೇ ಪದ ಬಾಕಿ ಇತ್ತು, ತಾನು ಮೈಕು ತಿರುಗಿಸಿಕೊಂಡ. ಬಾಗಿಲು ಬಡಿಯುತ್ತಿದ್ದವನ ಮುಖಕ್ಕೆ ಅಗುಳಿ ಹಾಕಿದ್ದು ಅಂದರೆ ಅದು. ಅವನಿಗೆ ಈಗ ಅಳು ಬಂತು, ಪಾರ್ಕಿನಲ್ಲಿ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತ ಶೇಂಗಾ ಸುಲಿಯುತ್ತಿದ್ದ ಹೆಂಗಸರು ನೋಡುತ್ತಿದ್ದರೂ ಬಂತು. ಅಳುವಿನ ಹಿಂದೆಯೇ, ನಾಚಿಕೆಯಿಲ್ಲದೆ, ಇನ್ನೊಂದು ಯೋಚನೆಯೂ ಬಂತು. ಈ ಕಥೆಯನ್ನು ಇವತ್ತು ಸಭೆಯಲ್ಲಿ ಹೇಳಿದರೆ? ಹೋಟೆಲಿನ ಶಟರು, ಚಳಿಯಲ್ಲಿ ತಮ್ಮ, ಹುಬ್ಬಳ್ಳಿಯ ಕಾಮಾಲೆ, ಅಲ್ಲಿಂದ ಕೋಟೆಯ ಬಾಗಿಲಿಗೆ ಒಂದೇ ಹೆಜ್ಜೆ. ಸಭಾಂಗಣದಲ್ಲಿ ಒಂದು ಒಣ ಕರವಸ್ತ್ರ ಉಳಿಯುವುದಿಲ್ಲ. ಹೇಗೆ ಶುರು ಮಾಡಬೇಕು, ಎಲ್ಲಿ ತಡೆಯಬೇಕು, ಎಲ್ಲವೂ ತಾನಾಗಿ ಜೋಡಿಸಿಕೊಳ್ಳತೊಡಗಿತು. ಅವನು ತನ್ನ ತೊಡೆಯನ್ನು ಬಲವಾಗಿ ಚಿವುಟಿಕೊಂಡ. ಅದು ವಿಠಲನದು. ಅದರ ಒಂದು ಅಕ್ಷರವೂ ತನ್ನ ಬಾಯಿಂದ ಬರಕೂಡದು. ತನ್ನ ಹತ್ತಿರ ಇರುವುದು ತನ್ನದೊಂದೇ, ಸಣ್ಣದು, ಅಲ್ಪವಾದದ್ದು, ರಾಜರ ಗಾಂಭೀರ್ಯವಿಲ್ಲದ್ದು. ಅದನ್ನೇ ಹೇಳಬೇಕು. ವಿಠಲ ಬರಲಿ ಬಿಡಲಿ, ಯಾರು ನಕ್ಕಿದ್ದರೋ ಅವರ ಮುಂದೆಯೇ ಹೇಳಬೇಕು. ಇಲ್ಲದಿದ್ದರೆ ಇಪ್ಪತ್ತೆರಡು ವರ್ಷ ಮಾಡಿದ್ದು ಬರೀ ಬಾಯಿಚಪಲ.

ನಾಲ್ಕು ಗಂಟೆಗೆ ಸಭಾಂಗಣ ತುಂಬಿತ್ತು. ಕೊನೆಯ ದಿನವೆಂದು ಹೂವು, ಹಣ್ಣು, ವ್ಯಾಸಪೀಠಕ್ಕೆ ಹೊಸ ಬಟ್ಟೆ. ಶೈಲಜಾ ಮುಂದಿನ ಸಾಲಿನಲ್ಲಿದ್ದಳು, ಗಂಡನ ಮುಖ ನೋಡಿ ಹುಬ್ಬು ಗಂಟಿಕ್ಕಿದಳು. ಮೈತ್ರೇಯಿ ಪುಸ್ತಕವನ್ನು ಆ ಪುಟಕ್ಕೇ ತೆರೆದಿಟ್ಟುಕೊಂಡು ಕಾಯುತ್ತಿದ್ದಳು. “ಸಾರ್, ಅವರು ಬಂದ್ರಾ?” ಎಂದು ಪಿಸುಗುಟ್ಟಿದಳು. ಇಲ್ಲವೆಂದು ತಲೆಯಾಡಿಸಿದ. “ಹಾಗಾದ್ರೆ ನಾನೇ ಶುರು ಮಾಡ್ಲಾ?”

“ತಡಿಯಮ್ಮ. ಇವತ್ತು ಪದ್ಯಕ್ಕೆ ಮೊದಲೇ ಅರ್ಥ ಹೇಳ್ತೀನಿ.” ಅವನು ಮೈಕನ್ನು ಹತ್ತಿರ ಎಳೆದುಕೊಂಡ. ಆವತ್ತು ತಿರುಗಿಸಿಕೊಂಡದ್ದೂ ಇದೇ ಮೈಕು, ಕತ್ತಿನ ತಿರುಪು ಸಡಿಲವಾಗಿ ಈಗಲೂ ಒಂದು ಕಡೆಗೆ ವಾಲುತ್ತಿತ್ತು. “ನಾನು ಬಾಗಿಲು ಮುಚ್ಚಿದೆ,” ಎಂದ.

ಜನ ಸರಿದು ಕೂತರು. ರಾಜನ ಮಾತೆಂದುಕೊಂಡರು. ಮುಂದಿನ ಸಾಲಿನಲ್ಲಿ ಒಬ್ಬರ ಕೈ ಆಗಲೇ ಪರ್ಸಿನ ಜಿಪ್ಪಿನ ಮೇಲಿತ್ತು.

“ಕೋಟೆ ಬಾಗಿಲಲ್ಲ. ಒಂದೂವರೆ ವರ್ಷದ ಹಿಂದೆ, ಇದೇ ಸಭಾಂಗಣದಲ್ಲಿ, ಇದೇ ಪದ್ಯಕ್ಕೆ. ವಿಠಲರಾಯರು ಓದ್ತಾ ಇದ್ರು. ಅವರಿಗೆ ಅಳು ಬಂತು. ನಾನು ಸಾಂಬಾರಿಗೆ ಉಪ್ಪು ಜಾಸ್ತಿ ಆಯ್ತು ಅಂದೆ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು, ಹಳೆಯ ತಮಾಷೆ ನೆನಪಾಗಿ. ನಕ್ಕ ಸದ್ದು ಒಂಟಿಯಾಗಿ ಉಳಿದು ತಾನೇ ಸತ್ತಿತು. ಮುರಳೀಧರ ಆ ಕಡೆ ನೋಡಲಿಲ್ಲ. ಪೀಠಿಕೆಗಳೆಲ್ಲ ಸಾಲಾಗಿ ಬಂದು ತಮ್ಮನ್ನೂ ಹೇಳು ಎಂದು ನಿಂತವು. ಒಂದನ್ನೂ ಒಳಗೆ ಬಿಡಲಿಲ್ಲ.

“ಅವರಿಗೆ ಓದೋಕೆ ಬರಲ್ಲ ಅಂತ ಅಲ್ಲ. ಅವರು ನನಗಿಂತ ಚೆನ್ನಾಗಿ ಅರ್ಥ ಹೇಳ್ತಿದ್ರು, ಬಾಯಿ ಬಿಡದೆ. ಅದನ್ನ ನನಗೆ ಸಹಿಸೋಕೆ ಆಗಲಿಲ್ಲ. ಹೊಟ್ಟೆಕಿಚ್ಚಿಗೆ ಅಂದೆ. ನೀವೆಲ್ಲ ನಕ್ರಿ, ನನಗೆ ಖುಷಿ ಆಯ್ತು. ಆ ಮೇಲೆ ಅವರು ಕಳಿಸಿದ ತಿಂಡಿ ತಿಂದೆ. ನನ್ನಿಂದ ತಪ್ಪಾಯಿತು.”

ನಿಲ್ಲು, ಎಂದುಕೊಂಡ. ನಿಂತ. ವಾಕ್ಯ ಮುಗಿದ ಜಾಗದಲ್ಲಿ ಮುಗಿಯಿತು. ಕರವಸ್ತ್ರ ಯಾರೂ ತೆಗೆದಿರಲಿಲ್ಲ, ಜನ ಮಿಕಿಮಿಕಿ ನೋಡುತ್ತಿದ್ದರು, ಯಾರದೋ ಮನೆಯ ಜಗಳಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಹೋಗಿಬಿಟ್ಟ ನೆಂಟರ ಹಾಗೆ. ಸಂಘದ ಅಧ್ಯಕ್ಷರು ಕೆಮ್ಮಿದರು. ಶೈಲಜಾ ಮಾತ್ರ ಅವನನ್ನೇ ನೋಡುತ್ತಿದ್ದಳು, ಹುಬ್ಬಿನ ಗಂಟು ಬಿಚ್ಚಿತ್ತು. ಈಗೇನು ಮಾಡುವುದು ಎಂದು ಮೈತ್ರೇಯಿ ಅವನ ಕಡೆ ತಿರುಗಿದಾಗಲೇ, ಬಾಗಿಲಲ್ಲಿ ಚಪ್ಪಲಿಗಳ ನಡುವೆ ನಿಂತಿದ್ದವನನ್ನು ಅವನು ಕಂಡದ್ದು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಎರಡೂ ಕೈಯಲ್ಲಿ ಶಿರಾದ ದೊಡ್ಡ ಸ್ಟೀಲಿನ ಡಬ್ಬಿ. ಹಿಂದೆ ನೀಲಾವತಿ. ಐದಕ್ಕೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಎಲ್ಲಿಂದ ಕೇಳಿಸಿಕೊಂಡಿದ್ದನೋ ಮುರಳೀಧರನಿಗೆ ತಿಳಿಯಲಿಲ್ಲ.

ವಿಠಲ ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟ. ಚಪ್ಪಲಿ ಬಿಟ್ಟ. ಜನರ ಕಾಲು ತುಳಿಯದ ಹಾಗೆ ಗೋಡೆಯ ಬದಿಯಿಂದ ನಡೆದು ಬಂದ. ಮೈತ್ರೇಯಿ ಯಾರೂ ಹೇಳದೆಯೇ ಎದ್ದು ಜಾಗ ಬಿಟ್ಟಳು. ಅವನು ಕೂತ, ಕನ್ನಡಕ ಹಾಕಿಕೊಂಡ, ಪುಟದ ಮೇಲೆ ಬೆರಳಿಟ್ಟು ಸಾಲು ಹುಡುಕಿದ. ಮುರಳೀಧರನ ಕಡೆ ನೋಡಲಿಲ್ಲ. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ, ಹೇಳುವ ಸೂಚನೆಯನ್ನೂ ಕೊಡಲಿಲ್ಲ. ಗಂಟಲು ಸರಿಮಾಡಿಕೊಂಡು ಮೊದಲನೆಯ ಪದ್ಯವನ್ನು ಎತ್ತಿದ. ಕಂಠ ಸ್ವಲ್ಪ ಒಡೆದಿತ್ತು, ಒಂದೂವರೆ ವರ್ಷ ಬಳಸದೆ ಇಟ್ಟದ್ದು. ರಾಗ ನಿಧಾನವಾಗಿ ಮೆಟ್ಟಿಲು ಇಳಿದು, ಅಗುಳಿ ದಾಟಿ, ಹೊಸ್ತಿಲಿಗೆ ಬಂತು.

‘ತೆರೆವ ಕೈಯೇ’ ಎಂದ. ನಿಂತ.

ಭುಜ ಅಲುಗತೊಡಗಿತು. ಮೈಕು ಆ ಸದ್ದನ್ನು ಹಿಡಿದು ಎಲ್ಲರಿಗೂ ಹಂಚಿತು. ನಿಯಮದ ಪ್ರಕಾರ ಓದುವವನು ತಡವರಿಸಿದರೆ ಅರ್ಥ ಹೇಳುವವನು ಎತ್ತಿಕೊಳ್ಳಬೇಕು, ಸಭೆಯ ಐವತ್ತು ಮುಖಗಳೂ ಈಗ ಅದಕ್ಕಾಗಿ ಮುರಳೀಧರನ ಕಡೆ ತಿರುಗಿದ್ದವು. ಅವನ ತಲೆಯಲ್ಲಿ ಮಾತುಗಳು ಸಿದ್ಧವಾಗಿಯೇ ಇದ್ದವು, ಯಾವತ್ತೂ ಇರುತ್ತಿದ್ದವು. ಅವನು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡ. ಒಂದು ನಿಮಿಷವಾಯಿತು. ಎರಡಾಯಿತು. ಯಾರೋ ಕುರ್ಚಿ ಸರಿಸಿದರು, ಹೊರಗೆ ಸೊಸೈಟಿಯ ಮಕ್ಕಳು ಕ್ರಿಕೆಟ್ ಆಡುತ್ತ ಔಟ್ ಔಟ್ ಎಂದು ಕೂಗಿದರು. ಒಂದು ಪದ ಬಾಕಿ ಇತ್ತು. ಅದು ವಿಠಲನದು, ಅವನಿಗೆ ಬಂದಾಗ ಬರಲಿ. ಮುರಳೀಧರ ಸುಮ್ಮನೆ ಕಾಯುತ್ತ ಕೂತ.